ಸುಸ್ತಿಗೊಂದು ಗುಳಿಗಿ

ಸಂಜೆ ಏಳರ ಸುಮಾರಿಗೆ ಹುಬ್ಬಳ್ಳಿಯ ಯಾವ ಔಷಧಿ ಅಂಗಡಿ ಮುಂದೆ ನಿಂತರೂ ಅರ್ಧ ತಾಸಿನೊಳಗೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. "ಅಣ್ಣಾರ, ಭಾಳ ಸುಸ್ತ ಆಗ್ತೈತ್ರಿ. ಕೈಕಾಲ ಸೋತು ಬರ್ತಾವ. ಏನರ ಒಂದ್ ಛಲೋ ಗುಳಿಗಿ ಕೊಡ್ರಿ." ಕೌಂಟರಿನ ಆಚೆ ಇದ್ದವರಿಗೆ ಪುರುಸೊತ್ತಿಲ್ಲ, ಹಿಂದೆ ಇನ್ನೂ ಆರು ಮಂದಿ ಚೀಟಿ ಹಿಡಿದು ನಿಂತಿರುತ್ತಾರೆ. ಬಿ-ಕಾಂಪ್ಲೆಕ್ಸಿನ ಒಂದು ಸ್ಟ್ರಿಪ್, ಜೊತೆಗೆ ಒಂದು ಟಾನಿಕ್ ಬಾಟಲಿ ಕೌಂಟರಿನ ಮೇಲೆ ಬರುತ್ತವೆ. ಹದಿನೈದು ದಿನಕ್ಕೆ ಅದೇ ಮುಖ ಮತ್ತೆ ಕಾಣಿಸಿದರೆ ಪಕ್ಕದಲ್ಲಿ ನಿಂತ ಹಿರಿಯರು ಯಾರೋ ಹೇಳುತ್ತಾರೆ: "ಗುಳಿಗೀಲೆ ಏನಾಗ್ತದವಾ, ಒಂದೆರಡ್ ಸಲೈನ್ ಹಚ್ಚಿಸ್ಕೊಂಬಿಡು."

ಹೀಗೆ ಕೇಳುವವರಲ್ಲಿ ಹೆಚ್ಚಿನವರ ಸುಸ್ತಿಗೆ ಕಾರಣ ಸಿಗುತ್ತದೆ. ರಕ್ತ ಕಡಿಮೆ, ಥೈರಾಯ್ಡ್, ಸಕ್ಕರೆ, ನಿದ್ದೆಗೇಡು, ಮೈಮುರಿಯುವ ದುಡಿಮೆ. ಆದರೆ ಆ ಸಾಲಿನಲ್ಲಿ ಆಗೊಬ್ಬರು ಈಗೊಬ್ಬರು ಬೇರೆಯವರು ಇರುತ್ತಾರೆ. ಜ್ವರ ಬಂದು ಹೋಗಿ ವರ್ಷವಾಗಿದೆ, ಜ್ವರದ ಸುಸ್ತು ಮಾತ್ರ ಮೈಬಿಟ್ಟಿಲ್ಲ. ಎಂಟು ತಾಸು ಮಲಗಿ ಎದ್ದರೂ ಮಲಗಿದಂತಿಲ್ಲ. ರಿಪೋರ್ಟು ನೋಡಿದರೆ ಎಲ್ಲವೂ ನಾರ್ಮಲ್. ಮನೆಯವರು ಮೊದಲು ಕನಿಕರಪಡುತ್ತಾರೆ, ಆಮೇಲೆ ಬೇಸರ ಮಾಡಿಕೊಳ್ಳುತ್ತಾರೆ, ಕಡೆಗೆ "ಮನಸ್ಸು ಗಟ್ಟಿ ಮಾಡ್ಕೋ" ಎನ್ನುತ್ತಾರೆ. ಇದು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು, ವೈದ್ಯರ ಕಾಗದದಲ್ಲಿ ಎಂಇ/ಸಿಎಫ್‌ಎಸ್. ಇಂಥವರು "ಇದಕ್ಕೆ ಗುಳಿಗಿ ಐತೇನ್ರಿ?" ಎಂದು ಕೇಳಿದಾಗ ಕೊಡಬೇಕಾದ ಉತ್ತರದಲ್ಲಿ ಎರಡು ಭಾಗ ಇವೆ. ಈ ರೋಗವನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ಸಿಕ್ಕಿಲ್ಲ ಎನ್ನುವುದು ಮೊದಲನೆಯದು. ಈ ರೋಗಿಯನ್ನು ಕಾಡುವ ಹತ್ತು ತೊಂದರೆಗಳಲ್ಲಿ ನಾಲ್ಕೈದಕ್ಕಾದರೂ ಔಷಧಿ ಇದೆ, ಅವು ನಮ್ಮೂರಿನಲ್ಲೇ ಸಿಗುತ್ತವೆ ಎನ್ನುವುದು ಎರಡನೆಯದು. ಮೊದಲ ಭಾಗವನ್ನಷ್ಟೇ ಹೇಳಿ ಕಳಿಸಿಬಿಡುವುದು ಅನ್ಯಾಯ. ಎರಡನೆಯದನ್ನಷ್ಟೇ ಹೇಳಿ ಆಸೆ ಹುಟ್ಟಿಸಿ ದುಡ್ಡು ಖರ್ಚು ಮಾಡಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಹಳದಿ ಸಲೈನ್

ಸಲೈನ್ ಹಚ್ಚಿಸಿಕೊಂಡವರು "ಜೀವ ಬಂದಂಗಾತು" ಎನ್ನುವುದು ಸುಳ್ಳಲ್ಲ. ಅದು ಯಾಕೆ ಹಾಗಾಗುತ್ತದೆ ಎಂದು ಬಿಡಿಸಿ ನೋಡಿದರೆ ಈ ರೋಗದ ಬಗ್ಗೆಯೇ ಬಹಳ ತಿಳಿಯುತ್ತದೆ. ತೂಗುಹಾಕಿದ ಬಾಟಲಿಯ ನೀರು ಹಳದಿಯಾಗಿ ಕಾಣುವುದು ಅದರಲ್ಲಿ ಬೆರೆಸಿದ ರೈಬೊಫ್ಲೇವಿನ್‌ನಿಂದ, ಅಂದರೆ ಬಿ2 ವಿಟಮಿನ್ನಿನಿಂದ. ಸುಸ್ತು ಕಳೆಯುವುದರಲ್ಲಿ ಆ ಬಣ್ಣದ ಪಾತ್ರವಿಲ್ಲ. ಬಾಟಲಿಯಲ್ಲಿರುವುದು ಶೇಕಡ 5ರ ಡೆಕ್ಸ್‌ಟ್ರೋಸ್ ಆಗಿದ್ದರೆ 500 ಮಿ.ಲೀ.ನಲ್ಲಿ ಸಕ್ಕರೆ 25 ಗ್ರಾಂ, ಅಂದರೆ ನೂರು ಕ್ಯಾಲರಿಯೂ ಇಲ್ಲ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿದೆ. ಆ ಸಕ್ಕರೆ ಕರಗಿಹೋದ ಮೇಲೆ ಉಳಿದ ನೀರು ಮೈಯೆಲ್ಲ ಹರಡಿಕೊಳ್ಳುತ್ತದೆ, ರಕ್ತನಾಳದಲ್ಲಿ ನಿಲ್ಲುವುದು ತೀರ ಸ್ವಲ್ಪ. ನಾರ್ಮಲ್ ಸಲೈನ್ ಆಗಿದ್ದರೆ ಅದೇ 500 ಮಿ.ಲೀ.ನಲ್ಲಿ 4.5 ಗ್ರಾಂ ಉಪ್ಪು ಇರುತ್ತದೆ. ಉಪ್ಪು ನೀರನ್ನು ಹಿಡಿದಿಡುತ್ತದೆ, ಸುಮಾರು ಕಾಲು ಪಾಲು ರಕ್ತನಾಳದೊಳಗೆ ಉಳಿಯುತ್ತದೆ. ಎಂಇ/ಸಿಎಫ್‌ಎಸ್ ಇರುವ ಅನೇಕರಿಗೆ ನಿಂತಾಗ ರಕ್ತ ತಲೆಗೆ ಸರಿಯಾಗಿ ಏರುವುದಿಲ್ಲ, ಎದೆ ಡವಡವ ಎನ್ನುತ್ತದೆ. ಅಂಥವರಿಗೆ ನಾಳದೊಳಗೆ ನೀರು-ಉಪ್ಪು ಸೇರಿದರೆ ಕೆಲವು ತಾಸು, ಹೆಚ್ಚೆಂದರೆ ಒಂದು ದಿನ, ತಲೆ ತಿಳಿಯಾಗುತ್ತದೆ. ಹಾಗಾಗಿ ಸಲೈನ್ ನಂತರ ಯಾರಿಗೆ ಗಮನಕ್ಕೆ ಬರುವಷ್ಟು ಹಗುರಾಯಿತೋ ಅವರನ್ನು ನಿಲ್ಲಿಸಿ ನಾಡಿ ನೋಡಬೇಕು. ಅದರ ವಿಧಾನ ಮುಂದೆ ಹೇಳುತ್ತೇನೆ.

ಸಲೈನ್ ಜೊತೆ ಕೆಲವು ಕಡೆ ಒಂದು ಇಂಜೆಕ್ಷನ್ನೂ ಹೋಗುತ್ತದೆ. ಅದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಆಗಿದ್ದರೆ ಅದರ ಪ್ರಭಾವ 36ರಿಂದ 54 ತಾಸು. ಎರಡು ದಿನ ಕುದುರೆಯ ಹಾಗೆ ಓಡಾಡಿ ಮೂರನೆಯ ದಿನ ಮತ್ತೆ ಹಾಸಿಗೆ ಹಿಡಿದ ಲೆಕ್ಕ ಇಲ್ಲಿಗೆ ಸರಿಹೊಂದುತ್ತದೆ. ಸ್ಟಿರಾಯ್ಡನ್ನು ಈ ರೋಗಕ್ಕೆ ಕ್ರಮಬದ್ಧವಾಗಿ ಪರೀಕ್ಷಿಸಿಯೂ ನೋಡಿದ್ದಾರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 70 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ಹೈಡ್ರೋಕಾರ್ಟಿಸೋನ್ ಕೊಟ್ಟರು. ಸ್ವಲ್ಪ ಗುಣ ಕಂಡಿತು, ಆದರೆ ಔಷಧಿ ಪಡೆದವರಲ್ಲಿ 12 ಮಂದಿಯ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನೇ ಕುಗ್ಗಿಸಿಕೊಂಡಿತ್ತು. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಒಳಗೆ ಮಾಡಿಕೊಳ್ಳುವುದನ್ನು ದೇಹ ನಿಲ್ಲಿಸುತ್ತದೆ. ಆ ಲಾಭಕ್ಕೆ ಆ ಬೆಲೆ ತಕ್ಕುದಲ್ಲ ಎಂದು ಪ್ರಯೋಗ ಮಾಡಿದವರೇ ಬರೆದರು. ಆದ್ದರಿಂದ ಸುಸ್ತಿಗೆಂದು ಚುಚ್ಚಿದ ಯಾವ ಇಂಜೆಕ್ಷನ್ ಇರಲಿ, ಅದರ ಹೆಸರನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ತಿಂಗಳುಗಟ್ಟಲೆ ಹೀಗೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಲೂಬಾರದು. ವೈದ್ಯರಿಗೆ ಹೇಳಿ ಮೆಲ್ಲಗೆ ಇಳಿಸಬೇಕು, ಇಲ್ಲವಾದರೆ ಬಿಪಿ ಕುಸಿಯುವ ಅಪಾಯ ಇದೆ.

ಯಾವ ಸುಸ್ತು ಅದು?

ಔಷಧಿಗೆ ಮುಂಚೆ ಜರಡಿ ಹಿಡಿಯಬೇಕು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಟಿಎಸ್‌ಎಚ್, ಬಿ12, ಡಿ ವಿಟಮಿನ್, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಕ್ಯಾಲ್ಸಿಯಂ, ಇಎಸ್‌ಆರ್ ಅಥವಾ ಸಿಆರ್‌ಪಿ, ಮೂತ್ರ, ಬೆಳಗ್ಗೆ ಎಂಟರ ಕಾರ್ಟಿಸೋಲ್. ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದ್ದರೆ ಕ್ಷಯಕ್ಕೂ ನೋಡಬೇಕು. ಗೊರಕೆ ಜೋರಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವುದಿದೆಯೇ ಎಂದು ವಿಚಾರಿಸಬೇಕು. ನಮ್ಮ ಕಡೆ ಎರಡು ಸಂಗತಿ ಮತ್ತೆ ಮತ್ತೆ ತಪ್ಪಿಹೋಗುತ್ತವೆ. ಒಂದು, ಶಾಕಾಹಾರಿ ಮನೆಗಳ ಬಿ12 ಕೊರತೆ. 200ರ ಕೆಳಗಿದ್ದರೆ ಅದಕ್ಕೆ ಸರಿಯಾದ ಚಿಕಿತ್ಸೆ ಬೇಕು, ಬರೀ ಬಿ-ಕಾಂಪ್ಲೆಕ್ಸ್ ಗುಳಿಗೆ ಸಾಲದು. ಇನ್ನೊಂದು, ಹಿಮೋಗ್ಲೋಬಿನ್ ಸರಿ ಇದೆ ಎಂದು ಫೆರಿಟಿನ್ ನೋಡದೇ ಬಿಡುವುದು. 2012ರಲ್ಲಿ ಫ್ರಾನ್ಸಿನಲ್ಲಿ, ರಕ್ತಹೀನತೆ ಇಲ್ಲದ ಆದರೆ ಫೆರಿಟಿನ್ 50ಕ್ಕಿಂತ ಕಡಿಮೆ ಇದ್ದ 198 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು. ದಿನಕ್ಕೆ 80 ಮಿ.ಗ್ರಾಂ ಕಬ್ಬಿಣ, 12 ವಾರ. ಕಬ್ಬಿಣ ತಿಂದವರ ಸುಸ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಹುಸಿಗುಳಿಗೆ (ಹೋಲಿಸಿ ನೋಡಲು ಕೊಡುವ, ಔಷಧಿಯಿಲ್ಲದ ಗುಳಿಗೆ) ತಿಂದವರದ್ದು ಶೇಕಡ 29ರಷ್ಟು ಇಳಿಯಿತು. ಆದರೆ ಕಬ್ಬಿಣದ ಗುಳಿಗೆ ನುಂಗಿ ಮೇಲೆ ಚಹಾ ಕುಡಿದರೆ ಹೀರಿಕೆ ಬಹಳ ಕಡಿಮೆಯಾಗುತ್ತದೆ. ಥೈರಾಯ್ಡ್ ಗುಳಿಗೆಯದ್ದೂ ಅದೇ ಕಥೆ. ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧದಿಂದ ಒಂದು ತಾಸು ಕಾಯಬೇಕು. ಎದ್ದ ಕೂಡಲೇ ಚಹಾ ಬೇಕೆನ್ನುವ ನಮ್ಮ ಮನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಡೋಸ್ ಏರಿಸುತ್ತಾ ಹೋದರೂ ಟಿಎಸ್‌ಎಚ್ ಇಳಿಯದಿರುವುದಕ್ಕೆ ಚಹಾವೇ ಕಾರಣ ಆಗಿರುವುದುಂಟು.

ಇಷ್ಟೆಲ್ಲ ಸೋಸಿದ ಮೇಲೂ ಸುಸ್ತು ಉಳಿದರೆ ಒಂದೇ ಪ್ರಶ್ನೆ ಮುಖ್ಯ: ಮೈ ದಣಿಸಿದ ಮಾರನೆಯ ದಿನ ಏನಾಗುತ್ತದೆ? ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನಿಂತು ಹುಬ್ಬಳ್ಳಿಗೆ ಬಂದು, ಮದುವೆ ಜವಳಿಗೆ ನಾಲ್ಕು ಅಂಗಡಿ ಹತ್ತಿಳಿದು, ಸಂಜೆ ಮನೆ ಸೇರಿದಾಗ ಆಕೆ ಚೆನ್ನಾಗಿಯೇ ಇರುತ್ತಾಳೆ. ಬೀಳುವುದು ಮರುದಿನ, ಕೆಲವೊಮ್ಮೆ ಮೂರನೆಯ ದಿನ. ಗಂಟಲು ಕೆರೆತ, ಜ್ವರ ಬಂದಂಥ ಮೈನೋವು, ಮಾತಿನ ನಡುವೆ ಶಬ್ದ ಸಿಗದಿರುವುದು, ಬೆಳಕು-ಸದ್ದು ತಾಳಲಾಗದಿರುವುದು. ಒಂದು ದಿನದ ಜವಳಿಗೆ ಎಂಟು ದಿನದ ಹಾಸಿಗೆ. ಶ್ರಮದ ನಂತರದ ಈ ಕುಸಿತವೇ ರೋಗದ ಗುರುತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಮಾನದಂಡವೂ ಇದನ್ನು ಕಡ್ಡಾಯ ಮಾಡಿದೆ: ಆರು ತಿಂಗಳಿಗೂ ಮೀರಿ ಕೆಲಸಕಾರ್ಯಕ್ಕೆ ಅಡ್ಡಿಯಾದ ಸುಸ್ತು, ಶ್ರಮದ ನಂತರದ ಕುಸಿತ, ದಣಿವಾರದ ನಿದ್ದೆ, ಇವುಗಳ ಜೊತೆ ನೆನಪು-ಯೋಚನೆಯ ಮಂಕು ಅಥವಾ ನಿಲ್ಲಲಾಗದ ತೊಂದರೆ. ಮನಸ್ಸಿನ ಖಿನ್ನತೆಯಲ್ಲಿ ಕೆಲಸ ಮಾಡುವ ಆಸೆಯೇ ಬತ್ತಿರುತ್ತದೆ. ಇಲ್ಲಿ ಆಸೆ ಹಾಗೇ ಇರುತ್ತದೆ, ಮೈ ಒಪ್ಪುವುದಿಲ್ಲ.

ಇದಕ್ಕೂ ನಮ್ಮ ಜ್ವರಗಳಿಗೂ ಇರುವ ನಂಟು ಊಹೆಯ ಮಾತಲ್ಲ. ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನ ಸುತ್ತ ಮೂರು ಬಗೆಯ ಸೋಂಕು ತಗುಲಿದ 253 ಮಂದಿಯನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2006ರಲ್ಲಿ ಬಂತು. ಆರು ತಿಂಗಳಾದಾಗ ಸುಮಾರು ನೂರಕ್ಕೆ ಹನ್ನೊಂದು ಮಂದಿಗೆ ಈ ರೋಗದ ಲಕ್ಷಣ ಇತ್ತು. ಆ ಮೂರರಲ್ಲಿ ಒಂದು ರಾಸ್ ರಿವರ್ ವೈರಸ್. ಅದೇ 2006ರಲ್ಲಿ ಕರ್ನಾಟಕವನ್ನು ಹೈರಾಣ ಮಾಡಿದ ಚಿಕೂನ್‌ಗುನ್ಯಾದ ದಾಯಾದಿ ಅದು. ಆಮೇಲೆ ಡೆಂಗಿ, ಆಮೇಲೆ ಕೋವಿಡ್. ಹೀಗಾಗಿ ಗದಗ, ಹಾವೇರಿಯ ಹಳ್ಳಿಗಳಲ್ಲೂ ಈ ರೋಗಿಗಳು ಇದ್ದಾರೆ, ರೋಗದ ಹೆಸರು ಮಾತ್ರ ಅವರನ್ನು ತಲುಪಿಲ್ಲ.

ಗೋಡೆಗೆ ಒರಗಿ ಹತ್ತು ನಿಮಿಷ

ಔಷಧಿಯಿಂದ ಬೇಗ ಫಲ ಕಾಣುವ ಭಾಗ ಇದು, ಹಾಗಾಗಿ ಇಲ್ಲಿಂದ ಶುರು ಮಾಡುವುದು ಲೇಸು. 2021ರ ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿ ಬಿದ್ದಿದೆ. ಅದನ್ನು ಹೊರತೆಗೆದು ಬ್ಯಾಟರಿ ಹಾಕಿ. ಬಿಪಿ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ಬೆಳಗ್ಗೆ, ಚಹಾಕ್ಕೂ ಮುಂಚೆ, ಐದರಿಂದ ಹತ್ತು ನಿಮಿಷ ಅಂಗಾತ ಮಲಗಿ ನಾಡಿ ಬರೆದುಕೊಳ್ಳಿ. ಬಳಿಕ ಎದ್ದು, ಹಿಮ್ಮಡಿ ಗೋಡೆಯಿಂದ ಆರು ಇಂಚು ಮುಂದಿರುವಂತೆ ನಿಂತು ಭುಜ ಮಾತ್ರ ಗೋಡೆಗೆ ಆನಿಸಿ. ಕಾಲು ಅಲ್ಲಾಡಿಸಬಾರದು, ಮಾತಾಡಬಾರದು. ಮೀನಖಂಡ ಬಿಗಿ ಮಾಡಿದರೆ ಅದೇ ಪಂಪಿನಂತೆ ರಕ್ತವನ್ನು ಮೇಲೆ ತಳ್ಳಿ ಲೆಕ್ಕ ತಪ್ಪಿಸುತ್ತದೆ. ಪ್ರತಿ ನಿಮಿಷಕ್ಕೊಮ್ಮೆ ನಾಡಿ, ಎರಡು ನಿಮಿಷಕ್ಕೊಮ್ಮೆ ಬಿಪಿ, ಹತ್ತು ನಿಮಿಷದವರೆಗೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಕುರ್ಚಿಯೂ ಇರಬೇಕು. ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮೆಹಂದಿ, ಉಗುರುಬಣ್ಣ ಇರುವ ಬೆರಳು ಬೇಡ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಬಿಪಿ ಇಳಿಯದೆ ನಾಡಿ ಮಾತ್ರ 30 ಅಥವಾ ಹೆಚ್ಚು ಏರಿ ಹಾಗೆಯೇ ನಿಂತರೆ (ಹನ್ನೆರಡರಿಂದ ಹತ್ತೊಂಬತ್ತು ವಯಸ್ಸಿನವರಿಗೆ 40) ಅದು ಪಾಟ್ಸ್, ಅಂದರೆ ಎದ್ದು ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ, ಇರಬಹುದು. ಮೇಲಿನ ಬಿಪಿ 20 ಇಳಿದರೆ ಬೇರೆ ತೊಂದರೆ. ಎರಡಕ್ಕೂ ಆ ಕಾಗದವನ್ನು ವೈದ್ಯರಿಗೆ ತೋರಿಸಬೇಕು. ಕೈಯಲ್ಲಿ ಹತ್ತು ನಿಮಿಷದ ಅಂಕಿ ಇದ್ದರೆ ಮಾತಿನ ದಾರಿಯೇ ಬದಲಾಗುತ್ತದೆ.

ಮೊದಲ ಔಷಧಿ ನೀರು-ಉಪ್ಪು. ದಿನಕ್ಕೆ ಎರಡರಿಂದ ಮೂರು ಲೀಟರ್ ದ್ರವ, ಅದರಲ್ಲಿ ದೊಡ್ಡ ಲೋಟ ಒಂದನ್ನು ಹಾಸಿಗೆಯಿಂದ ಏಳುವ ಮುಂಚೆಯೇ. ಉಪ್ಪು ಹಾಕಿದ ಮಜ್ಜಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಆರ್‌ಎಸ್ ಆದರೆ 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರಿಗೇ ಕದಡಬೇಕು. ಅದರಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಆ ಎರಡೂ ಸೇರಿದಾಗಲೇ ಕರುಳು ನೀರನ್ನು ಬೇಗ ಎಳೆದುಕೊಳ್ಳುವುದು. ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಯುವವರಿದ್ದಾರೆ, ಅದು ತಪ್ಪು. ಪಾಟ್ಸ್ ಇರುವವರಿಗೆ ದಿನಕ್ಕೆ 10 ಗ್ರಾಂವರೆಗೆ ಉಪ್ಪು ಹೇಳುವುದುಂಟು. ಆದರೆ ಉಪ್ಪಿನಕಾಯಿ, ಚಟ್ನಿಪುಡಿ, ಮಿರ್ಚಿ-ಭಜಿಯ ನಮ್ಮ ತಾಟಿನಲ್ಲಿ ಉಪ್ಪು ಆಗಲೇ ಸಾಕಷ್ಟಿದೆ, ಮೊದಲು ಅದನ್ನು ಲೆಕ್ಕ ಹಾಕಬೇಕು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ, ಬಸುರಿಯರಿಗೆ ಈ ಮಾತು ಅನ್ವಯಿಸುವುದೇ ಇಲ್ಲ. ಏಪ್ರಿಲ್-ಮೇ ತಿಂಗಳ ಗದಗಿನ ಬಿಸಿಲಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಈ ತೊಂದರೆ ಇಮ್ಮಡಿಸುತ್ತದೆ. ಚಳಿಗಾಲದಲ್ಲಿ ಸಾಲುತ್ತಿದ್ದ ಡೋಸ್ ಬೇಸಿಗೆಯಲ್ಲಿ ಸಾಲದೆ ಹೋಗುವುದೂ ಇದರಿಂದಲೇ.

ಇಷ್ಟಕ್ಕೆ ನಿಲ್ಲದಿದ್ದರೆ ಗುಳಿಗೆ, ವೈದ್ಯರ ಚೀಟಿಯ ಮೇಲೆಯೇ. ನಾಡಿ ಇಳಿಸುವ ಪ್ರೊಪ್ರನಾಲೋಲ್ 10 ಮಿ.ಗ್ರಾಂನಿಂದ ಶುರು. ಪಾಟ್ಸಿಗೆ ಕಡಿಮೆ ಡೋಸೇ ಹೆಚ್ಚು ಒಗ್ಗುತ್ತದೆ, 40ಕ್ಕೆ ಏರಿಸಿದರೆ ಸುಸ್ತೇ ಹೆಚ್ಚಾಗಬಹುದು. ಅಸ್ತಮಾ ಇದ್ದವರಿಗೆ ಬೇಡ. ಬಿಪಿ ಮೊದಲೇ ಕಡಿಮೆ ಇದ್ದರೆ ಐವಾಬ್ರಡೀನ್ 2.5 ಮಿ.ಗ್ರಾಂ ದಿನಕ್ಕೆರಡು ಸಲ. ಇದು ನಾಡಿಯನ್ನಷ್ಟೇ ಇಳಿಸುತ್ತದೆ, ಬಿಪಿಯನ್ನು ಮುಟ್ಟುವುದಿಲ್ಲ. ಕತ್ತಲಿನಿಂದ ಬೆಳಕಿಗೆ ಬಂದಾಗ ಕಣ್ಣಲ್ಲಿ ಮಿಂಚು ಹೊಡೆದಂತೆ ಆಗಬಹುದು, ಹೆದರಬೇಕಿಲ್ಲ. ಗರ್ಭಿಣಿಯರಿಗೆ ಕೂಡದು. ಕ್ಲಾರಿಥ್ರೋಮೈಸಿನ್, ಕೀಟೊಕೊನಜೋಲ್, ಡಿಲ್ಟಿಯಾಜೆಮ್, ವೆರಪಮಿಲ್ ಜೊತೆ ಕೂಡದು. ಮಿಡೊಡ್ರಿನ್ ರಕ್ತನಾಳಗಳನ್ನು ಬಿಗಿಮಾಡುತ್ತದೆ, ನೆತ್ತಿಯಲ್ಲಿ ಇರುವೆ ಹರಿದಂತಾಗುತ್ತದೆ. ಕೊನೆಯ ಡೋಸ್ ನುಂಗಿ ನಾಲ್ಕು ತಾಸಾದರೂ ಅಡ್ಡಾಗಬಾರದು, ಮಲಗಿದರೆ ಬಿಪಿ ಏರುತ್ತದೆ. ಫ್ಲೂಡ್ರೋಕಾರ್ಟಿಸೋನ್ ಉಪ್ಪನ್ನು ಒಳಗೆ ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಎರಡು-ಮೂರು ವಾರದಲ್ಲಿ ರಕ್ತದ ಪೊಟ್ಯಾಸಿಯಂ ನೋಡದೆ ಮುಂದುವರಿಸಬಾರದು. 2001ರಲ್ಲಿ 100 ರೋಗಿಗಳ ಪ್ರಯೋಗದಲ್ಲಿ ಇದೊಂದನ್ನೇ ಕೊಟ್ಟಾಗ ಹುಸಿಗುಳಿಗೆಗಿಂತ ಮೇಲಾಗಲಿಲ್ಲ, ಹಾಗಾಗಿ ಇದು ಜೊತೆಗಾರನ ಕೆಲಸಕ್ಕೆ ಸರಿ.

ಇನ್ನೊಂದು ಹಳೆಯ ಗುಳಿಗೆ ಪಿರಿಡೊಸ್ಟಿಗ್ಮೀನ್, ಸ್ನಾಯುಗಳು ಸೋಲುವ ಮಯಸ್ಥೇನಿಯಾ ರೋಗಕ್ಕೆ ಕೊಡುವ 60 ಮಿ.ಗ್ರಾಂನದ್ದು. 2022ರಲ್ಲಿ ಬಾಸ್ಟನ್ನಿನಲ್ಲಿ 45 ರೋಗಿಗಳನ್ನು ಸೈಕಲ್ ತುಳಿಸಿ, ಒಂದು ಡೋಸ್ ಕೊಟ್ಟು, ಮತ್ತೆ ತುಳಿಸಿ ಆಮ್ಲಜನಕದ ಬಳಕೆ ಅಳೆದರು. ಹುಸಿಗುಳಿಗೆ ತಿಂದವರ ಸಾಮರ್ಥ್ಯ ಎರಡನೆಯ ಸಲ ಕುಸಿಯಿತು, ಔಷಧಿ ತಿಂದವರದ್ದು ಕುಸಿಯಲಿಲ್ಲ. ಒಂದೇ ಡೋಸಿನ ಫಲ ಅದು, ಆರು ತಿಂಗಳ ಮಾತಲ್ಲ. ಕೊಡುವುದಾದರೆ ಅರ್ಧ ಗುಳಿಗೆಯಿಂದ ಶುರು. ಹೊಟ್ಟೆ ಕಿವುಚಿ ಭೇದಿ ಆಗುವುದು, ಜೊಲ್ಲು ಹೆಚ್ಚುವುದು, ನಾಡಿ ನಿಧಾನವಾಗುವುದು ಅದರ ಅಡ್ಡಪರಿಣಾಮ. ಊಟದ ಜೊತೆ ತೆಗೆದುಕೊಂಡರೆ ಹೊಟ್ಟೆಯ ಕಾಟ ಕಡಿಮೆ.

ಐವತ್ತರ ಗುಳಿಗೆ, ಅರ್ಧದ ಹನಿ

ಈಗ ಎಲ್ಲರೂ ಕೇಳುವ ಔಷಧಿ ನಾಲ್‌ಟ್ರೆಕ್ಸೋನ್. ಕುಡಿತ ಮತ್ತು ಅಫೀಮಿನ ಚಟ ಬಿಡಿಸಲು ಕೊಡುವ 50 ಮಿ.ಗ್ರಾಂ ಗುಳಿಗೆ ಇದು. ಎಂಇ/ಸಿಎಫ್‌ಎಸ್‌ಗೆ ಬಳಸುವುದು ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆ: 0.5 ಮಿ.ಗ್ರಾಂನಿಂದ ಹತ್ತಿ ಹೆಚ್ಚೆಂದರೆ 4.5ವರೆಗೆ. ಕಡಿಮೆ ಡೋಸಿನಲ್ಲಿ ಇದು ಮಿದುಳಿನ ರಕ್ಷಣಾಕೋಶಗಳ ಉರಿಯನ್ನು ತಣಿಸುತ್ತದೆ ಎಂಬುದು ಒಂದು ವಾದ. ರಕ್ತದ ಎನ್‌ಕೆ ಎಂಬ ರಕ್ಷಣಾಕೋಶಗಳ ಕ್ಯಾಲ್ಸಿಯಂ ದ್ವಾರವನ್ನು ಸರಿಪಡಿಸುತ್ತದೆ ಎಂದು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಫಿನ್‌ಲೆಂಡಿನಲ್ಲಿ 218 ರೋಗಿಗಳ ದಾಖಲೆ ತಿರುವಿದಾಗ ನೂರಕ್ಕೆ 74ರಷ್ಟು ಮಂದಿ ಒಂದಲ್ಲ ಒಂದು ಗುಣ ಕಂಡಿತು ಎಂದಿದ್ದರು. ಆ 74ನ್ನು ಹೇಗೆ ಓದಬೇಕು ಎಂಬುದಕ್ಕೆ ಆಮೇಲೆ ಬರುತ್ತೇನೆ.

ತೊಡಕಿರುವುದು ಅಳತೆಯಲ್ಲಿ. ಬೇಕಿರುವುದು ಅರ್ಧ ಮಿಲಿಗ್ರಾಂ, ಅಂಗಡಿಯಲ್ಲಿ ಸಿಗುವುದು ಐವತ್ತು. ಬ್ಲೇಡಿನಿಂದ ಕತ್ತರಿಸಿ ನೂರು ಚೂರು ಮಾಡಲಾಗುವುದಿಲ್ಲ, ಪುಡಿ ಮಾಡಿ ಕಣ್ಣಳತೆಯಲ್ಲಿ ಹಂಚುವುದು ಇನ್ನೂ ಕೆಟ್ಟದ್ದು. ಅಡುಗೆಮನೆಯ ಕಟ್ಟೆಯ ಮೇಲೆ ಮಾಡುವ ಕೆಲಸ ಹೀಗಿದೆ. ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಬಣ್ಣದ ಗಾಜಿನ ಬಾಟಲಿ ಒಂದು. ಡಿಸ್ಟಿಲ್ಡ್ ವಾಟರ್ ಅಥವಾ ಕುದಿಸಿ ಆರಿಸಿದ ನೀರು, ಸಿರಿಂಜಿನಿಂದ ಅಳೆದು ಸರಿಯಾಗಿ 50 ಮಿ.ಲೀ. ಅದರೊಳಗೆ ಒಂದು ಗುಳಿಗೆ. ಮೇಲಿನ ಲೇಪ ಬಿಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ನಡುನಡುವೆ ಅಲ್ಲಾಡಿಸಬೇಕು. ತಳದಲ್ಲಿ ಬೂದಿಯಂತೆ ಉಳಿಯುವುದು ಗುಳಿಗೆಯ ತುಂಬುಪುಡಿ. ಔಷಧಿ ನೀರಿನಲ್ಲಿ ಕರಗಿರುತ್ತದೆ, ಆದರೂ ಪ್ರತಿ ಸಲ ತೆಗೆಯುವ ಮುಂಚೆ ಚೆನ್ನಾಗಿ ಕುಲುಕಬೇಕು. ಈಗ 1 ಮಿ.ಲೀ.ಗೆ 1 ಮಿ.ಗ್ರಾಂ ಲೆಕ್ಕ. ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಲ್ಲಿ ಅರ್ಧ ಗೆರೆವರೆಗೆ ಎಳೆದರೆ 0.5 ಮಿ.ಗ್ರಾಂ. ಇನ್ಸುಲಿನ್ ಸಿರಿಂಜ್ ಬಳಸಿದರೆ ಗೊಂದಲ ಆಗುತ್ತದೆ. ಅದರ ಮೇಲಿನ ಗೆರೆಗಳು ಯೂನಿಟ್ಟಿನವು, 40 ಯೂನಿಟ್ಟಿನದ್ದೂ 100 ಯೂನಿಟ್ಟಿನದ್ದೂ ಬೇರೆ ಬೇರೆ. ಬಾಟಲಿಯ ಮೇಲೆ ತಾರೀಖು ಮತ್ತು "1 ಮಿ.ಲೀ. = 1 ಮಿ.ಗ್ರಾಂ" ಎಂದು ಬರೆದ ಚೀಟಿ ಅಂಟಿಸಿ, ಫ್ರಿಜ್ಜಿನಲ್ಲಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ಎರಡು ವಾರಕ್ಕೆ ಚೆಲ್ಲಿ ಹೊಸದು ಮಾಡಿಕೊಳ್ಳಬೇಕು. ಕದಡಿದಂತೆ ಕಂಡರೆ ಅದಕ್ಕೂ ಮುಂಚೆಯೇ.

ರಾತ್ರಿ ಮಲಗುವಾಗ ಶುರು ಮಾಡಿ, ಎರಡು ವಾರಕ್ಕೊಮ್ಮೆ 0.5 ಏರಿಸುವುದು ರೂಢಿ. ಮೊದಲ ವಾರ ವಿಚಿತ್ರ ಕನಸು, ನಿದ್ದೆ ಹಾರುವುದು, ತಲೆನೋವು, ಓಕರಿಕೆ ಆಗಬಹುದು. ನಿದ್ದೆ ಕೆಟ್ಟರೆ ಬೆಳಗ್ಗೆಗೆ ಬದಲಿಸಿದರಾಯಿತು. ಏರಿಸಿದಾಗ ಕೆಟ್ಟರೆ ಹಿಂದಿನ ಮೆಟ್ಟಿಲಿಗೆ ಇಳಿದು ಒಂದು ತಿಂಗಳು ಅಲ್ಲೇ ನಿಲ್ಲಬೇಕು. 4.5 ಮುಟ್ಟಲೇಬೇಕೆಂಬ ಹಟ ಬೇಡ, 1.5ರಲ್ಲೇ ಒಳ್ಳೆಯದಾಗುವವರು ಇದ್ದಾರೆ. ಹದಿನೈದು ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ತಾಳಿಕೊಳ್ಳುವ ಡೋಸಿಗೆ ಬಂದ ಮೇಲೆ ಎರಡು-ಮೂರು ತಿಂಗಳು ನೋಡಬೇಕು. ಪ್ರಾಣಕ್ಕೆ ಹತ್ತಿರದ ತಪ್ಪು ಮಾತ್ರ ಬೇರೆ. ನಾಲ್‌ಟ್ರೆಕ್ಸೋನ್ ಅಫೀಮು ಜಾತಿಯ ನೋವಿನ ಔಷಧಿಗಳಿಗೆ ಅಡ್ಡ ನಿಲ್ಲುತ್ತದೆ. ಸೊಂಟನೋವಿಗೆ ಟ್ರಾಮಡಾಲ್ ನುಂಗುತ್ತಿರುವವರು, ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿಯುವವರು ಇದನ್ನು ಮುಟ್ಟಬಾರದು. ಕೆಲವು ನೋವಿನ ಗುಳಿಗೆಗಳ ಹೊದಿಕೆಯ ಮೇಲೆ ಪ್ಯಾರಾಸಿಟಮಾಲ್ ಜೊತೆ ಟ್ರಾಮಡಾಲ್ ಹೆಸರೂ ಇರುತ್ತದೆ, ಸಣ್ಣ ಅಕ್ಷರದಲ್ಲಿ. ಆಪರೇಷನ್ ಗೊತ್ತಾದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು. ಮತ್ತು ಇದು ಚೀಟಿಯಿಲ್ಲದೆ ಕೊಳ್ಳುವ ಔಷಧಿ ಅಲ್ಲ. ಬರೆದುಕೊಡುವ ವೈದ್ಯರಿಗೂ ಡೋಸ್ ಹೊಸದಾಗಿರಬಹುದು, ಅವರ ಜೊತೆ ಕೂತು ಬಾಟಲಿಯ ಲೆಕ್ಕವನ್ನು ಒಮ್ಮೆ ಬರೆದು ತಾಳೆ ನೋಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಬರ್ಗೆನ್ನಿನಲ್ಲಿ ನಡೆದದ್ದು

ನಾರ್ವೆಯ ಬರ್ಗೆನ್ ಊರಿನ ಹೌಕೆಲಾಂಡ್ ಆಸ್ಪತ್ರೆಯಲ್ಲಿ ಓಯ್‌ಸ್ಟೈನ್ ಫ್ಲೂಗೆ, ಊಲಾವ್ ಮೆಲ್ಲಾ ಎಂಬ ಇಬ್ಬರು ಕ್ಯಾನ್ಸರ್ ವೈದ್ಯರು. ದುಗ್ಧಗ್ರಂಥಿಯ ಕ್ಯಾನ್ಸರಿಗೆ ಕೀಮೋ ಪಡೆದ ಒಬ್ಬ ರೋಗಿಗೆ ಮೊದಲೇ ಇದ್ದ ಈ ದಣಿವಿನ ರೋಗ ಕೂಡ ಕೆಲವು ತಿಂಗಳು ಸರಿದು ನಿಂತದ್ದನ್ನು ಅವರು ಕಂಡರು. ಬಿ ಕೋಶಗಳೆಂಬ ರಕ್ಷಣಾಕೋಶಗಳನ್ನು ಅಳಿಸುವ ರಿಟಕ್ಸಿಮ್ಯಾಬ್ ಎಂಬ ಔಷಧಿಯನ್ನು ಈ ರೋಗಕ್ಕೇ ಕೊಟ್ಟು ನೋಡಿದರು. 2011ರಲ್ಲಿ ಫಲಿತಾಂಶ ಬಂತು: ಔಷಧಿ ಪಡೆದ 15 ಮಂದಿಯಲ್ಲಿ 10 ಮಂದಿಗೆ ಗುಣ, ಹುಸಿಮದ್ದು ಪಡೆದ 15ರಲ್ಲಿ ಇಬ್ಬರಿಗೆ. ಜಗತ್ತಿನ ರೋಗಿಗಳೆಲ್ಲ ನಾರ್ವೆಯ ಕಡೆ ನೋಡತೊಡಗಿದರು. ಆದರೆ ಆ ಇಬ್ಬರೂ ಅಲ್ಲಿಗೆ ನಿಲ್ಲಲಿಲ್ಲ. 151 ರೋಗಿಗಳನ್ನು ಸೇರಿಸಿ, ಯಾರಿಗೆ ಯಾವುದು ಎಂದು ವೈದ್ಯರಿಗೂ ತಿಳಿಯದಂತೆ ಎರಡು ವರ್ಷ ನಡೆಸಿದ ಪ್ರಯೋಗದ ವರದಿ 2019ರಲ್ಲಿ ಬಂತು. ರಿಟಕ್ಸಿಮ್ಯಾಬ್ ಪಡೆದವರಲ್ಲಿ ಶೇಕಡ 26 ಮಂದಿಗೆ ಗುಣ. ಹುಸಿಮದ್ದು ಪಡೆದವರಲ್ಲಿ ಶೇಕಡ 35 ಮಂದಿಗೆ. ತಮ್ಮ ಕೈಯಾರೆ ಬೆಳೆಸಿದ ಆಸೆಯನ್ನು ತಾವೇ ಅಳೆದು, ಸುಳ್ಳೆಂದು ಕಂಡಾಗ ಅದನ್ನೇ ಅಚ್ಚು ಹಾಕಿಸಿದ ಅವರ ಬಗ್ಗೆ ನನಗೆ ತುಂಬು ಗೌರವ ಇದೆ.

ಆ 35ನ್ನು ಮನಸ್ಸಿನಲ್ಲಿಟ್ಟುಕೊಂಡು ಫಿನ್‌ಲೆಂಡಿನ 74ನ್ನು ಮತ್ತೆ ನೋಡಿ. ಈ ರೋಗ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ತೀರ ಕೆಟ್ಟಾಗ ಔಷಧಿ ಶುರು ಮಾಡುತ್ತೇವೆ, ಆಮೇಲೆ ಬರುವ ಇಳಿತವನ್ನು ಔಷಧಿಯ ಲೆಕ್ಕಕ್ಕೆ ಬರೆಯುತ್ತೇವೆ. ಆ ಅಧ್ಯಯನದಲ್ಲಿ ಹೋಲಿಸಲು ಹುಸಿಗುಳಿಗೆಯ ಗುಂಪೇ ಇರಲಿಲ್ಲ. 101 ರೋಗಿಗಳಲ್ಲಿ ಅಷ್ಟೇ ಪ್ರಮಾಣದ ಗುಣ ಕಂಡ, 2021ರ ಕಡಿಮೆ ಡೋಸ್ ಅರಿಪಿಪ್ರಜೋಲ್ ವರದಿಯೂ ಹೀಗೆಯೇ. ಇವು ಸುಳ್ಳು ಎಂದಲ್ಲ, ಇನ್ನೂ ಸಾಬೀತಾಗಿಲ್ಲ ಎಂದರ್ಥ. ನಾಲ್‌ಟ್ರೆಕ್ಸೋನ್ ಅಗ್ಗ, ಕಡಿಮೆ ಡೋಸಿನಲ್ಲಿ ಅಪಾಯ ಕಡಿಮೆ, ಹಾಗಾಗಿ ವೈದ್ಯರ ಕಣ್ಗಾವಲಿನಲ್ಲಿ ಪ್ರಯತ್ನಿಸುವುದು ನ್ಯಾಯ. ಲಕ್ಷಗಟ್ಟಲೆ ಬೆಲೆಯ, ಸೋಂಕಿಗೆ ದಾರಿ ಮಾಡುವ ಇಂಜೆಕ್ಷನ್ನಿಗೆ ಹೊಲ ಮಾರುವುದು ನ್ಯಾಯವಲ್ಲ.

ಈ ರೋಗಕ್ಕೆ ಪ್ರಯೋಗಿಸಿ ನೋಡಿದ ಬೇರೆ ಔಷಧಿಗಳ ಕಥೆ ಚಿಕ್ಕದು. ಫ್ಲೂಕ್ಸೆಟೀನ್ 1996ರಲ್ಲೇ ಸೋತಿತು. ಗ್ಯಾಲಂಟಮೀನ್ 2004ರಲ್ಲಿ, 434 ರೋಗಿಗಳ ಪ್ರಯೋಗದಲ್ಲಿ. ಅನಕಿನ್ರಾ 2017ರಲ್ಲಿ. ದೀರ್ಘ ಕೋವಿಡ್ಡಿಗೆ ಪ್ಯಾಕ್ಸ್‌ಲೊವಿಡ್ಡನ್ನು 15 ದಿನ ಕೊಟ್ಟು ನೋಡಿದ 155 ಮಂದಿಯ ಪ್ರಯೋಗದಲ್ಲೂ ಫಲ ಕಾಣಲಿಲ್ಲ, ಅದು 2024ರಲ್ಲಿ. ಆಂಪ್ಲಿಜೆನ್‌ಗೆ 2016ರಲ್ಲಿ ಅರ್ಜೆಂಟೀನಾ ಒಪ್ಪಿಗೆ ಕೊಟ್ಟಿತು, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೂ 2013ರಲ್ಲೂ ನಿರಾಕರಿಸಿತ್ತು. ಬರ್ಗೆನ್ನಿನವರು ಈಗ ಇನ್ನೊಂದು ಮೆಟ್ಟಿಲು ಮುಂದೆ ಹೋಗಿದ್ದಾರೆ. ರಿಟಕ್ಸಿಮ್ಯಾಬ್ ಬಿ ಕೋಶಗಳನ್ನು ಅಳಿಸಿದರೂ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳನ್ನು ಮುಟ್ಟುವುದಿಲ್ಲ. ಹಾಗಾದರೆ ಅವನ್ನೇ ಮುಟ್ಟುವ ಡಾರಾಟುಮುಮ್ಯಾಬ್ ಕೊಟ್ಟರೆ? 2025ರಲ್ಲಿ 10 ಹೆಂಗಸರ ಪುಟ್ಟ ಪ್ರಯೋಗದಲ್ಲಿ 6 ಮಂದಿಗೆ ಎದ್ದು ಕಾಣುವ ಗುಣ ಆಯಿತು. ಹುಸಿಮದ್ದಿನ ಗುಂಪು ಇಲ್ಲಿಯೂ ಇರಲಿಲ್ಲ. 2011ರ 15ರಲ್ಲಿ 10ನ್ನು ನೆನಪಿಟ್ಟವರು ಈ 10ರಲ್ಲಿ 6ಕ್ಕೆ ಕಾಯಲು ಸಿದ್ಧರಿರಬೇಕು.

ಒಂದು ಸಲಕ್ಕೆ ಒಂದೇ

ಈ ರೋಗಿಗಳಿಗೆ ಔಷಧಿ ತಾಳುವುದಿಲ್ಲ ಎನ್ನುವುದು ಹಟವಲ್ಲ, ಲಕ್ಷಣ. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯೇ ರೂಢಿಗಿಂತ ಕಡಿಮೆ ಡೋಸಿನಿಂದ ಶುರು ಮಾಡುವುದನ್ನು ಯೋಚಿಸಿ ಎನ್ನುತ್ತದೆ. ನಿದ್ದೆ ಮತ್ತು ನೋವಿಗೆ ಅಮಿಟ್ರಿಪ್ಟಿಲಿನ್ ಕೊಡುವುದಾದರೆ 10 ಮಿ.ಗ್ರಾಂನ ಅರ್ಧ, ಮಲಗುವ ಎರಡು ತಾಸು ಮುಂಚೆ. ಮಲಗುವ ಹೊತ್ತಿಗೇ ನುಂಗಿದರೆ ಬೆಳಗಿನ ಮಂಕು ಮಧ್ಯಾಹ್ನದವರೆಗೂ ಎಳೆಯುತ್ತದೆ. ಅದು ನಾಡಿಯನ್ನೂ ಏರಿಸುತ್ತದೆ, ಹಾಗಾಗಿ ಗೋಡೆಗೆ ಒರಗಿ ನೋಡಿದಾಗ 30 ಏರಿದವರಿಗೆ ಇದು ಎರಡನೆಯ ಆಯ್ಕೆ. ಒಂದೇ ಚೀಟಿಯಲ್ಲಿ ಐದು ಔಷಧಿ ಬಂದರೆ ಒಂದನ್ನು ಮಾತ್ರ ಶುರು ಮಾಡಿ ಉಳಿದವಕ್ಕೆ ತಾರೀಖು ಕೇಳಿಕೊಳ್ಳಿ. ಐದನ್ನೂ ಒಟ್ಟಿಗೆ ನುಂಗಿದರೆ ಗುಣ ಆದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ.

ಔಷಧಿ ಕೆಲಸ ಮಾಡತೊಡಗಿದ ವಾರವೇ ಅಪಾಯದ ವಾರ. ಹಗುರಾಯಿತೆಂದು ಹೆಂಗಸು ಅಡುಗೆಮನೆಗೆ ಹೋಗಿ ಇಪ್ಪತ್ತು ರೊಟ್ಟಿ ಬಡಿಯಲು ನಿಲ್ಲುತ್ತಾಳೆ. ರೊಟ್ಟಿ ಬಡಿಯುವುದೆಂದರೆ ನಿಂತ ಕಾಲು, ಎತ್ತಿದ ತೋಳು, ಎದುರಿಗೆ ಹಂಚಿನ ಕಾವು, ಮೂರೂ ಸೇರಿ ನಾಡಿಯನ್ನು ಏರಿಸುವ ಕೆಲಸ. ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡಿದರೆ ನಾಲ್ಕನೆಯ ರೊಟ್ಟಿಗೆ ನೂರಿಪ್ಪತ್ತು ದಾಟಿರುವುದು ಕಾಣಬಹುದು. ಬೆಳಗಿನ ಮಲಗಿದ ನಾಡಿಗಿಂತ 15 ಹೆಚ್ಚಾದಾಗ ಕೆಲಸ ನಿಲ್ಲಿಸಿ ಕೂರುವುದು ಅನೇಕ ರೋಗಿಗಳು ಪಾಲಿಸುವ ಲೆಕ್ಕ. ಎತ್ತರದ ಸ್ಟೂಲ್ ಮೇಲೆ ಕೂತು ನಾಲ್ಕು ರೊಟ್ಟಿ, ಉಳಿದದ್ದಕ್ಕೆ ಪೇಟೆಯ ಖಡಕ್ ರೊಟ್ಟಿ. ನಮ್ಮ ಕಡೆ ಅದು ಓಣಿಗೊಂದು ಮನೆಯಲ್ಲಿ ಸಿಗುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಹಿಟ್ಟು ನಾದುವುದನ್ನು ಮನೆಯ ಇನ್ನೊಬ್ಬರು ಮಾಡಲಿ. "ದಿನಾ ಸ್ವಲ್ಪ ಸ್ವಲ್ಪ ನಡಿಗೆ ಏರಿಸಿ" ಎಂಬ ಸಲಹೆಯನ್ನು 2021ರಲ್ಲಿ ನೈಸ್ ಸಂಸ್ಥೆಯೇ ಹಿಂದಕ್ಕೆ ಪಡೆದಿದೆ. ಗುಳಿಗೆ ಕೊಟ್ಟ ನಾಲ್ಕಾಣೆ ಶಕ್ತಿಯಲ್ಲಿ ಎರಡಾಣೆಯನ್ನಾದರೂ ಮೈಯಲ್ಲೇ ಉಳಿಸಬೇಕು.

ವೈದ್ಯರ ಬಳಿ ಹೋಗುವಾಗ ದಪ್ಪ ಫೈಲಿನ ಮೇಲೆ ಒಂದೇ ಹಾಳೆ ಇರಲಿ. ಯಾವ ಜ್ವರದ ನಂತರ, ಯಾವ ತಿಂಗಳಿನಿಂದ. ದಣಿದ ಮರುದಿನ ಏನಾಗುತ್ತದೆ, ಎಷ್ಟು ದಿನ. ಹತ್ತು ನಿಮಿಷದ ನಾಡಿಯ ಹತ್ತು ಅಂಕಿ. ಈಗ ನುಂಗುತ್ತಿರುವ ಎಲ್ಲ ಗುಳಿಗೆ, ನಾಟಿ ಔಷಧಿಯನ್ನೂ ಸೇರಿಸಿ. ಹಿಂದೆ ಯಾವುದು ತಾಳಲಿಲ್ಲ, ಎಷ್ಟು ಡೋಸಿಗೆ, ಏನಾಯಿತು. ಕೆಳಗೆ ಒಂದೇ ಪ್ರಶ್ನೆ, ಈ ಭೇಟಿಗೆ ಒಂದೇ: ನಿದ್ದೆಯೋ, ನಾಡಿಯೋ, ನೋವೋ. ಹಾಳೆಯ ಎರಡು ಪ್ರತಿ ಮಾಡಿಸಿಕೊಂಡು ಹೋಗಿ, ಒಂದನ್ನು ಅವರ ಮೇಜಿನ ಮೇಲೆ ಬಿಟ್ಟು ಬನ್ನಿ. ಕಾಯುವ ಜಾಗದಲ್ಲಿ ಕುರ್ಚಿ ಖಾಲಿ ಇಲ್ಲದಿದ್ದರೆ ಸಂಕೋಚ ಮಾಡದೆ ನೆಲದ ಮೇಲೆ ಕೂತುಕೊಳ್ಳಿ, ಬಾಟಲಿಯ ಉಪ್ಪು ಮಜ್ಜಿಗೆ ಕೈಗೆ ಸಿಗುವಂತಿರಲಿ.